ಪಿತ್ತಕೋಶವನ್ನು ತೆಗೆದ ಮೇಲೆ ಊಟದ ವಿಚಾರ



ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಶಸ್ತ್ರಚಿಕಿತ್ಸೆಯಿಂದ ಆ ಕೋಶವನ್ನೇ ತೆಗೆಸಿಕೊಂಡು ಮನೆಗೆ ಬಂದವರ ಮುಂದೆ ಎರಡು ಬಗೆಯ ಉಪದೇಶಗಳು ಕಾದಿರುತ್ತವೆ. “ಇನ್ನು ಜನ್ಮವಿರುವ ತನಕ ತುಪ್ಪ, ಎಣ್ಣೆ ಸೋಕಬಾರದು, ಗಂಜಿ, ತಿಳಿಸಾರುಗಳೇ ಗತಿ” ಎಂಬುದು ಒಂದು. “ಮೈ ಸೋತಿದೆ, ತುಪ್ಪ ಬಾದಾಮಿ ಹಾಕಿ ಬಲ ಬರಿಸಿ” ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬಂದ ಮಾತುಗಳು. ಎರಡರಿಂದಲೂ ರೋಗಿಗೆ ಕಷ್ಟ. ಮೊದಲನೆಯದರಿಂದ ಆಗುವ ಕೆಡುಕು ನಿಧಾನವಾಗಿ ಆಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಅದನ್ನೇ ನಾವು ಹೆಚ್ಚಾಗಿ ವಿಚಾರಿಸಬೇಕಾಗಿದೆ.

ಪಿತ್ತರಸವು ಹುಟ್ಟುವುದು ಪಿತ್ತಕೋಶದಲ್ಲಲ್ಲ, ಯಕೃತ್ತಿನಲ್ಲಿ. ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಅದು ಸ್ರವಿಸುತ್ತದೆ. ಪಿತ್ತಕೋಶವಾದರೋ 30ರಿಂದ 50 ಮಿಲಿಲೀಟರಿನಷ್ಟು ಹಿಡಿಯುವ ಒಂದು ಸಣ್ಣ ಚೀಲ. ಹರಿದು ಬಂದ ರಸವನ್ನು ಕೂಡಿಟ್ಟುಕೊಂಡು, ಗಟ್ಟಿಮಾಡಿ, ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಒಮ್ಮೆಗೆ ಹೊರಕ್ಕೆ ಬಿಡುವುದು ಅದರ ಕೆಲಸ. ಹಳ್ಳಕ್ಕೆ ಕಟ್ಟಿದ ಕಟ್ಟೆಯನ್ನು ಒಡೆದರೆ ಹಳ್ಳವೇನೂ ಬತ್ತುವುದಿಲ್ಲ. ತೂಬೆತ್ತಿ ಬೇಕಾದಾಗ ಬೇಕಾದಷ್ಟು ನೀರು ಬಿಡುವ ಅನುಕೂಲ ಮಾತ್ರ ತಪ್ಪುತ್ತದೆ. ಇಲ್ಲಿಯೂ ಹಾಗೆಯೇ. ಜಿಡ್ಡನ್ನು ಅರಗಿಸುವ ಶಕ್ತಿ ಉಳಿದಿರುತ್ತದೆ. ಒಂದೇ ಊಟದಲ್ಲಿ ಬಹಳ ಜಿಡ್ಡನ್ನು ಅರಗಿಸುವ ಶಕ್ತಿ ಕುಗ್ಗಿರುತ್ತದೆ, ಅದೂ ಮೊದಮೊದಲು.

ದಸರೆಯಲ್ಲಿ ಅಂಬಾರಿ ಹೊರುವ ಆನೆಗೆ ಪಿತ್ತಕೋಶವಿಲ್ಲ; ಅದರ ಮುಂದೆ ನಡೆಯುವ ಕುದುರೆಗೂ ಇಲ್ಲ. ಅವುಗಳ ಬಲಕ್ಕೆ ಇದರಿಂದ ಕೊರತೆ ಬಂದಿದೆಯೆಂದು ಯಾರೂ ಹೇಳಲಾರರು. ಆದರೆ ಅವು ತಿನ್ನುವ ರೀತಿಯನ್ನು ನೋಡಬೇಕು: ಜಿಡ್ಡು ಕಡಮೆಯಾದ ಮೇವನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುತ್ತವೆ. 1882ನೆಯ ಜುಲೈ 15ರಂದು ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬೂಖ್ ಎಂಬ ಶಸ್ತ್ರವೈದ್ಯರು ಮೊತ್ತಮೊದಲಿಗೆ ಮನುಷ್ಯನೊಬ್ಬನ ಪಿತ್ತಕೋಶವನ್ನು ತೆಗೆದರು. ರೋಗಿಗೆ 43 ವರ್ಷ. ಹಲವು ವರ್ಷಗಳಿಂದ ನೋವುಂಡಿದ್ದವನು. ಅವನು ಗುಣಹೊಂದಿದನು. 1985ರಲ್ಲಿ ಜರ್ಮನಿಯಲ್ಲಿಯೇ ಎರಿಕ್ ಮ್ಯೂಹೆಯವರು ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಇದನ್ನು ಮಾಡಿ ತೋರಿಸಿದರು. ಈ ಕ್ರಮದಲ್ಲಿ ರೋಗಿಯು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿಯೇ ಮನೆ ಸೇರುತ್ತಾನೆ. ಆದುದರಿಂದ ಪಥ್ಯದ ಹೊಣೆಯೂ ಬೇಗನೆ ಮನೆಯ ಅಡಿಗೆಯವರ ಮೇಲೆ ಬೀಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ರಂಧ್ರದ ಶಸ್ತ್ರಚಿಕಿತ್ಸೆಗಾಗಿ ಹೊಟ್ಟೆಯೊಳಕ್ಕೆ ಇಂಗಾಲಾಮ್ಲ ವಾಯುವನ್ನು ತುಂಬುತ್ತಾರೆ. ಅದರ ಕಾರಣದಿಂದ ಮೊದಲ ಕೆಲವು ದಿನ ಹೆಗಲಿನಲ್ಲಿ ನೋವು ಕಾಣುವುದುಂಟು. ಮನೆಯವರು ಅದನ್ನು ವಾಯುಪ್ರಕೋಪವೆಂದು ಬಗೆದು, ಬೇಳೆಯನ್ನು ನಿಲ್ಲಿಸಿಬಿಡುತ್ತಾರೆ. ಬೇಳೆಯ ತಪ್ಪು ಅದರಲ್ಲೇನೂ ಇಲ್ಲ. ಆ ನೋವು ತಾನಾಗಿಯೇ ಇಳಿಯುತ್ತದೆ.

ಮೊದಲ ದಿನ ನೀರು, ಎಳನೀರು, ನೀರುಮಜ್ಜಿಗೆ, ತೆಳು ಗಂಜಿ. ಅವು ಒಗ್ಗಿದವೆಂದರೆ ಇಡ್ಲಿ, ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ಹೀರೆ, ಸೋರೆ, ಪಡವಲಗಳ ಪಲ್ಯ, ರಾಗಿಯ ಅಂಬಲಿ, ಬಾಳೆಹಣ್ಣು ಇವುಗಳಿಗೆ ಬರಬಹುದು. ಗಂಜಿಯಲ್ಲಿಯೇ ವಾರಗಟ್ಟಲೆ ನಿಲ್ಲಬೇಕಾದುದಿಲ್ಲ. ಮೂರು ಹೊತ್ತಿನ ತುಂಬು ಊಟಕ್ಕೆ ಬದಲಾಗಿ ಐದಾರು ಸಲ ಮಿತವಾಗಿ ತಿನ್ನುವುದು ಒಳ್ಳೆಯದು. ಒಗ್ಗರಣೆಗೆ ಒಂದು ಚಮಚ ಎಣ್ಣೆ, ಅನ್ನಕ್ಕೆ ತೊಟ್ಟು ತುಪ್ಪ ಇವುಗಳಿಂದ ಭಯವಿಲ್ಲ. ಬಾಣಲೆಯಲ್ಲಿ ಕರಿದ ಬೋಂಡ, ವಡೆ, ಪೂರಿ, ತುಪ್ಪ ಸುರಿದ ಹೋಳಿಗೆ, ಕೊಬ್ಬರಿ ತುಂಬಿದ ಗಸಿ, ಕೆನೆಹಾಲು, ಕೊಬ್ಬಿನ ಮಾಂಸ ಇವುಗಳಿಗೆ ಕೆಲವು ವಾರ ದೂರವಿರಬೇಕು. ಆಮೇಲೆ ಒಂದೊಂದನ್ನೇ ಸ್ವಲ್ಪವಾಗಿ ತಿಂದು ನೋಡಿದರೆ, ಯಾವುದು ಒಗ್ಗುವುದು, ಯಾವುದು ಒಗ್ಗದು ಎಂಬುದನ್ನು ಹೊಟ್ಟೆಯೇ ತಿಳಿಸುತ್ತದೆ. ಮೈಸೂರುಪಾಕು ಕಡೆಗೆ ಬರಲಿ, ಅವಸರವೇನು?

ಕೆಲವರಿಗೆ ಊಟವಾದೊಡನೆ ತೆಳ್ಳಗೆ ಭೇದಿಯಾಗುವುದುಂಟು. ಪಿತ್ತರಸವು ತಡೆಯಿಲ್ಲದೆ ಕರುಳಿಗೆ ಇಳಿಯುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಜಿಡ್ಡನ್ನೂ ಗಟ್ಟಿ ಕಾಫಿಯನ್ನೂ ಕಡಮೆಮಾಡಿ ನೋಡಬೇಕು. ಬೆಳಗಿನ ಕಾಫಿಯನ್ನು ಬಿಡಿಸುವುದು ನಮ್ಮ ಊರುಗಳಲ್ಲಿ ಶಸ್ತ್ರಚಿಕಿತ್ಸೆಗಿಂತ ಕಠಿನವೆಂಬುದನ್ನು ಬಲ್ಲೆವು. ಆದರೂ ಕೆಲವು ದಿನ ತಾಳಿಕೊಳ್ಳಬಹುದು. ಹೆಚ್ಚಿನವರಿಗೆ ಇದು ಕಾಲಕ್ರಮದಲ್ಲಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಪಿತ್ತಾಮ್ಲಗಳನ್ನು ಹಿಡಿದಿಡುವ ಔಷಧಗಳು ವೈದ್ಯರಲ್ಲಿ ಉಂಟು. ಸಂಕೋಚದಿಂದ ಹೇಳದೆ ಇರಬಾರದು. ಇನ್ನು ಕೆಲವರಿಗೆ ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ. ಅವರಿಗೆ ನೀರು, ಹಣ್ಣು, ತರಕಾರಿ, ಮೆಲ್ಲಗೆ ನಡೆದಾಡುವುದು ಇವೇ ಮದ್ದು.

ತಿಂಗಳುಗಟ್ಟಲೆ ತಿಳಿಸಾರು ಅನ್ನದಲ್ಲಿಟ್ಟರೆ ವೃದ್ಧರು ಬೇಗನೆ ಕೃಶರಾಗುತ್ತಾರೆ. ನಡೆಯುವಾಗ ಕಾಲು ತಡವರಿಸುತ್ತದೆ. ಮನೆಯವರು ಅದನ್ನು ಶಸ್ತ್ರಚಿಕಿತ್ಸೆಯ ಫಲವೆಂದೇ ತಿಳಿಯುತ್ತಾರೆ. ಗಾಯ ಮಾಯುವುದಕ್ಕೂ ಮಾಂಸಖಂಡ ಉಳಿಯುವುದಕ್ಕೂ ಸಸಾರಜನಕ ಬೇಕು: ಬೇಳೆ, ಕೆನೆ ತೆಗೆದ ಹಾಲಿನ ಮೊಸರು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ, ಕರಿಯದ ಮೀನು. ಏಕಾದಶಿಯ ನಿರಾಹಾರವನ್ನು ಹಿರಿಯರು ಸದ್ಯಕ್ಕೆ ಬಿಡುವುದು ಲೇಸು. ಅಶಕ್ತರಿಗೆ ಆ ನಿಯಮದಲ್ಲಿ ವಿನಾಯಿತಿ ಇದ್ದೇ ಇದೆ. ಸಿಹಿಮೂತ್ರವೋ ಮೂತ್ರಪಿಂಡದ ರೋಗವೋ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಊಟವನ್ನು ಗೊತ್ತುಮಾಡಿಕೊಳ್ಳಬೇಕು.

ಜ್ವರ, ಚಳಿ, ನಿಲ್ಲದ ವಾಂತಿ, ಹೆಚ್ಚುತ್ತ ಹೋಗುವ ಹೊಟ್ಟೆನೋವು, ಗಾಯದಲ್ಲಿ ಕೀವು, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗಿ ಮಲ ಬಿಳುಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ನಿನ್ನೆ ಏನು ತಿಂದರೆಂದು ವಿಚಾರಿಸುತ್ತ ಕೂರತಕ್ಕದ್ದಲ್ಲ. ಕಣ್ಣು ಹಳದಿಯಾಯಿತೆಂದು ಕಾಮಾಲೆಯ ಮದ್ದಿಗೆ ಓಡತಕ್ಕದ್ದೂ ಅಲ್ಲ. ಪಿತ್ತನಾಳದಲ್ಲಿ ಒಂದು ಕಲ್ಲು ಉಳಿದಿರಬಹುದು, ಅಥವಾ ನಾಳಕ್ಕೇ ಪೆಟ್ಟಾಗಿರಬಹುದು. ಅಂಥ ಹೊತ್ತಿನಲ್ಲಿ ರೋಗಿಯನ್ನು ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಆಸ್ಪತ್ರೆಗೆ ಕರೆದೊಯ್ಯಬೇಕು.