ಕೆಟ್ಟಿರುವುದೆಷ್ಟು, ಉಳಿದಿರುವುದೆಷ್ಟು



ಹಳೆಯ ವಸ್ತುವೊಂದು ಕೈಕೊಟ್ಟಾಗ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ಇದರ ಕಾಲ ಮುಗೀತು, ಗುಜರಿಗೆ ಹಾಕಿ" ಅಂತ. ಆದರೆ ಅದರಲ್ಲಿ ಕೆಟ್ಟಿರುವುದೆಷ್ಟು, ಇನ್ನೂ ಗಟ್ಟಿಯಾಗಿ ಉಳಿದಿರುವುದೆಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. ಆ ಲೆಕ್ಕವನ್ನು ಚೆನ್ನಾಗಿ ಕಲಿಸುವ ಕೆಲಸವೊಂದರ ಬಗ್ಗೆ ಇವತ್ತು ಮಾತಾಡುತ್ತೇನೆ. ಅದು ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಮನೆಯಲ್ಲೇ ದುರಸ್ತಿ ಮಾಡಿ ಮತ್ತೆ ನೀರಿಗಿಳಿಸುವ ಕೆಲಸ.

ಅಮೆರಿಕದ ಉತ್ತರದ ಅಂಚಿನಲ್ಲಿ ಮಿನ್ನೆಸೋಟಾ ರಾಜ್ಯವಿದೆ. ಹತ್ತು ಸಾವಿರ ಸರೋವರಗಳ ನಾಡು ಎಂದೇ ಅದಕ್ಕೆ ಹೆಸರು. ಅಲ್ಲಿ ಮನೆಯ ಹಿತ್ತಲಲ್ಲೋ ಗ್ಯಾರೇಜಿನಲ್ಲೋ ಹನ್ನೆರಡು, ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ ಕಾಣುವುದು ಸಾಮಾನ್ಯ. ಎಷ್ಟೋ ದೋಣಿಗಳಿಗೆ ಐವತ್ತು, ಅರವತ್ತು ವರ್ಷ ವಯಸ್ಸು.

ಇಂಥ ದೋಣಿಗಳ ಬೇರು ವಿಮಾನದ ಕಾರ್ಖಾನೆಯಲ್ಲಿದೆ. ಗ್ರಮ್ಮನ್ ಎಂಬ ಕಂಪನಿ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಯುದ್ಧವಿಮಾನ ಕಟ್ಟಿಕೊಡುತ್ತಿತ್ತು. ಅದರ ಅಧಿಕಾರಿ ವಿಲಿಯಂ ಹಾಫ್‌ಮನ್ 1944ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡಿನಲ್ಲಿ ಸುತ್ತಾಡುವಾಗ, ಮರ ಮತ್ತು ಕ್ಯಾನ್ವಾಸಿನಿಂದ ಮಾಡಿದ ಭಾರದ ದೋಣಿಯನ್ನು ಹೊರಬೇಕಾಯಿತು. ವಿಮಾನಕ್ಕೆ ಬಳಸುವ ಹಗುರ ಲೋಹದಲ್ಲೇ ದೋಣಿ ಮಾಡಿದರೇನು ಎಂಬ ಯೋಚನೆ ಅವರಿಗೆ ಹೊಳೆಯಿತು. ಹಾಗೆ ವಿಮಾನದ ತಗಡೂ, ತಗಡುಗಳನ್ನು ಜೋಡಿಸಲು ರಿವೆಟ್ ಎಂಬ ಲೋಹದ ಮೊಳೆ ಹೊಡೆಯುವ ವಿದ್ಯೆಯೂ ದೋಣಿಗೆ ಬಂದವು. ಮಿನ್ನೆಸೋಟಾದಲ್ಲೇ 1946ರಲ್ಲಿ ಅಲ್ಯುಮಾಕ್ರಾಫ್ಟ್, 1948ರಲ್ಲಿ ಲಂಡ್ ಎಂಬ ದೋಣಿ ಕಂಪನಿಗಳು ಶುರುವಾದವು.

ಅಲ್ಯೂಮಿನಿಯಂಗೆ ಒಂದು ವಿಶೇಷ ಗುಣವಿದೆ. ಕಬ್ಬಿಣದ ತುಕ್ಕು ಪದರ ಪದರವಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಉಜ್ಜಿ ಹೊಳಪು ಮಾಡಿದ ತಗಡಿಗೆ ಗಾಳಿ ತಾಗಿದ ಕೂಡಲೇ, ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಅದರ ಮೇಲೆ ಕೂರುತ್ತದೆ. ಅದು ಉದುರುವುದಿಲ್ಲ. ಗೀರು ಬಿದ್ದರೆ ಅಲ್ಲೂ ಹೊಸ ಪದರ ಬೆಳೆಯುತ್ತದೆ. ತನ್ನನ್ನು ತಾನೇ ಕಾಯ್ದುಕೊಳ್ಳುವ ಲೋಹ ಅದು. ಹಾಗಿದ್ದ ಮೇಲೆ ಹಳೆಯ ದೋಣಿ ಸೋರುವುದೇಕೆ? ಉತ್ತರ ನನಗೆ ಸಿಕ್ಕಿದ್ದು ಅಂಥ ಒಂದು ದೋಣಿಯ ಪಕ್ಕದಲ್ಲಿ ಕೂತಾಗ.

ಮಿನ್ನೆಸೋಟಾದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ, ಪಕ್ಕದ ಮನೆಯ ಹಿರಿಯರೊಬ್ಬರಿಂದ ಇಂಥದೇ ಒಂದು ದೋಣಿ ತಂದುಕೊಂಡಿದ್ದ. ಒಂದು ಬೇಸಿಗೆಯಲ್ಲಿ ಅವನ ಮನೆಗೆ ಹೋದಾಗ ಅದರ ದುರಸ್ತಿಗೆ ಕೈಜೋಡಿಸುವ ಅವಕಾಶ ನನಗೂ ಸಿಕ್ಕಿತು. ದೋಣಿ ಎಲ್ಲಿ ಸೋರುತ್ತದೆ ಎಂದು ತಿಳಿಯಲು ಅದನ್ನು ನೀರಿಗೆ ಹಾಕುವುದಿಲ್ಲ, ನೀರನ್ನೇ ದೋಣಿಗೆ ಹಾಕುತ್ತಾರೆ. ಮೊದಲು ದೋಣಿಯ ಅಡಿಗೆ ಅಲ್ಲಲ್ಲಿ ಗಟ್ಟಿ ಆಸರೆ ಕೊಡಬೇಕು. ನಾಲ್ಕು ಇಂಚು ನೀರು ನಿಂತರೂ ಭಾರ ಕ್ವಿಂಟಾಲ್‌ಗಟ್ಟಲೆ ಆಗುತ್ತದೆ, ಆಸರೆ ಇಲ್ಲದಿದ್ದರೆ ತಗಡು ಜೋಲುತ್ತದೆ. ಆಮೇಲೆ ಒಳಗೆ ನೀರು ಬಿಟ್ಟು, ಹೊರಗಿನಿಂದ ಬಗ್ಗಿ ನೋಡುತ್ತಾ ಕಾಯಬೇಕು. ಒಂದು ರಿವೆಟ್‌ನ ಸುತ್ತ ತೇವ ಕಾಣಿಸುತ್ತದೆ, ಅದು ನಿಧಾನವಾಗಿ ಹನಿಯಾಗಿ ತೂಗುತ್ತದೆ. "ಮಾವಾ, ಇಲ್ನೋಡಿ, ಇದೊಂದು" ಎನ್ನುತ್ತಾ ಅವನು ಮಾರ್ಕರ್ ಪೆನ್ನಿನಿಂದ ಅದರ ಸುತ್ತ ಗುಂಡು ಗೆರೆ ಎಳೆಯುತ್ತಿದ್ದ. ನೂರಾರು ರಿವೆಟ್‌ಗಳಲ್ಲಿ ಗೆರೆ ಬಿದ್ದವು ಕೆಲವು ಮಾತ್ರ. ಇಡೀ ದೋಣಿಯೇ ಹಾಳು ಎಂದು ಕಂಡಿದ್ದು, ಹೀಗೆ ನೋಡಿದಾಗ ಬೆರಳೆಣಿಕೆಯಷ್ಟು ಕಡೆಯ ತೊಂದರೆಯಾಗಿ ನಿಂತಿತು.

ಸಡಿಲವಾದ ರಿವೆಟ್ ಬಿಗಿ ಮಾಡಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ಭಾರದ ಕಬ್ಬಿಣದ ತುಂಡೊಂದನ್ನು ರಿವೆಟ್‌ಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ನನ್ನ ಪಾಲಿಗೆ ಹಿಡಿಯುವ ಕೆಲಸ ಬಂತು. ಸಡಿಲ ರಿವೆಟ್‌ಗೆ ಪೆಟ್ಟು ಬಿದ್ದಾಗ ಸದ್ದು ಒಡಕಾಗಿರುತ್ತದೆ. ಬಿಗಿಯಾಗುತ್ತಿದ್ದ ಹಾಗೆ ಸದ್ದು ಗಟ್ಟಿಯಾಗುತ್ತದೆ, ಕೈಯಲ್ಲಿರುವ ಕಬ್ಬಿಣಕ್ಕೂ ಅದು ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಹೊಡೆದರೆ ರಿವೆಟ್‌ನ ತಲೆ ಬಿರಿಯುತ್ತದೆ. ತೂತು ಸವೆದು ಅಗಲವಾಗಿದ್ದರೆ ಹಳೆಯದನ್ನು ಕೊರೆದು ತೆಗೆದು, ಒಂದು ಅಳತೆ ಹೆಚ್ಚು ದಪ್ಪದ ರಿವೆಟ್ ಹಾಕಬೇಕು. ಅದೂ ಅಲ್ಯೂಮಿನಿಯಂನದ್ದೇ ಆಗಿರಬೇಕು.

ಏಕೆಂದರೆ ಅಲ್ಯೂಮಿನಿಯಂಗೆ ಎಲ್ಲ ಲೋಹಗಳ ಸಹವಾಸವೂ ಒಗ್ಗುವುದಿಲ್ಲ. ತಾಮ್ರದಂಥ ಲೋಹ ಅದಕ್ಕೆ ತಾಗಿಕೊಂಡಿದ್ದು, ನಡುವೆ ನೀರಿನ ಪಸೆ ಇದ್ದರೆ ಸಾಕು, ಟಾರ್ಚಿನ ಸೆಲ್ಲಿನೊಳಗೆ ನಡೆಯುವಂಥ ಕ್ರಿಯೆ ಅಲ್ಲಿಯೂ ಶುರುವಾಗುತ್ತದೆ. ಕರಗಿ ಹೋಗುವುದು ಅಲ್ಯೂಮಿನಿಯಂ. ಉಪ್ಪು ನೀರಾದರೆ ಇನ್ನೂ ಬೇಗ. ಅದಕ್ಕೇ ತಾಮ್ರ ಬೆರೆತ ಬಣ್ಣವನ್ನು ಈ ದೋಣಿಯ ತಳಕ್ಕೆ ಬಳಿಯಬಾರದು. ಹುಳು ಹಿಡಿಯದಿರಲೆಂದು ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್ಡನ್ನೂ ಒಳಗೆ ಬಳಸಬಾರದು.

ಇನ್ನೊಂದು ಶತ್ರು ಕಣ್ಣಿಗೆ ಬೀಳದ ಕಡೆ ಇರುತ್ತದೆ. ದೋಣಿಯ ಹಿಂಬದಿಯಲ್ಲಿ ಎಂಜಿನ್ ಕೂರಿಸಲು ತಗಡಿನ ನಡುವೆ ಪ್ಲೈವುಡ್ ಹಲಗೆ ಇಟ್ಟಿರುತ್ತಾರೆ. ಆಸನಗಳ ಕೆಳಗೆ ಫೋಮ್ ತುಂಬಿರುತ್ತಾರೆ. ದೋಣಿಯೊಳಗೆ ನೀರು ತುಂಬಿಕೊಂಡರೂ ಪೂರ್ತಿ ಮುಳುಗದಂತೆ ಹಿಡಿದು ನಿಲ್ಲಿಸುವುದೇ ಈ ಫೋಮ್. ವರ್ಷಗಳು ಕಳೆದಂತೆ ಬೋಲ್ಟಿನ ತೂತಿನಿಂದ ಇಳಿದ ನೀರಿಗೆ ಹಲಗೆ ಕೊಳೆಯುತ್ತದೆ, ಫೋಮ್ ನೀರು ಕುಡಿದು ಭಾರವಾಗುತ್ತದೆ. ಆ ತೇವ ತಗಡಿಗೆ ಒತ್ತಿಕೊಂಡೇ ಕೂತರೆ ಅಲ್ಲಿಗೆ ಗಾಳಿ ತಲುಪುವುದಿಲ್ಲ, ಕಾಯುವ ಪದರ ಹೊಸದಾಗಿ ಬೆಳೆಯುವುದಿಲ್ಲ. ಬಿಳಿ ಪುಡಿ ಎದ್ದು ತಗಡಿನಲ್ಲಿ ಚುಕ್ಕಿ ಚುಕ್ಕಿ ಕುಳಿ ಬೀಳುತ್ತದೆ.

ನಾವು ಆ ಹಲಗೆ ಹೊರತೆಗೆದಾಗ ಅದು ಕೈಯಲ್ಲಿ ಹಿಡಿ ಹಿಡಿಯಾಗಿ ಕಿತ್ತು ಬಂತು. ಅದಕ್ಕೆ ಒತ್ತಿಕೊಂಡಿದ್ದ ತಗಡನ್ನು ತೊಳೆದು ಉಜ್ಜಿದಾಗ ನಾಲ್ಕಾರು ಸಣ್ಣ ಕುಳಿ ಬಿಟ್ಟರೆ ಉಳಿದದ್ದೆಲ್ಲ ಹೊಳಪಾಗಿ, ಗಟ್ಟಿಯಾಗಿ ಇತ್ತು. ಹೊಸ ಹಲಗೆಯ ಅಂಚಿಗೂ ಬೋಲ್ಟಿನ ತೂತಿನ ಒಳಮೈಗೂ ಎಪಾಕ್ಸಿ ಅಂಟು ಬಳಿದು, ಒಣಗಿಸಿ ಕೂರಿಸಿದೆವು. ಹೊಸ ಫೋಮ್ ಹಾಕಿದೆವು. ಬಣ್ಣ ಬಳಿದದ್ದು ಎಲ್ಲದರ ಕೊನೆಗೆ. ಬಣ್ಣವನ್ನೇ ಮೊದಲು ಬಳಿದಿದ್ದರೆ ದೋಣಿ ಒಂದೇ ದಿನದಲ್ಲಿ ಹೊಸದರಂತೆ ಕಾಣುತ್ತಿತ್ತು, ಒಳಗೆ ಕೊಳೆಯುವುದು ಮಾತ್ರ ಮುಂದುವರಿಯುತ್ತಿತ್ತು.

ಅಲ್ಯೂಮಿನಿಯಂ ಗುಜರಿಗೆ ಒಳ್ಳೆಯ ಬೆಲೆ ಬರುತ್ತದಲ್ಲ, ಮಾರಿದರೆ ಕರಗಿಸಿ ಮತ್ತೆ ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. ಕರಗಿಸಿ ಮರುಬಳಕೆ ಮಾಡಲು ಬೇಕಾಗುವ ಶಕ್ತಿ, ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾದುದರ ಸುಮಾರು ಶೇಕಡ 5 ಮಾತ್ರ. ಆದರೆ ಮೊದಲ ಸಲ ಆ ಲೋಹ ಹುಟ್ಟಿದ್ದು ಹೇಗೆ ಎಂಬುದನ್ನೂ ನೆನೆಯಬೇಕು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವುದು ಬೆಳಗಾವಿಯವರಿಗೆ ಪರಿಚಿತ ಉದ್ಯಮ. ಆ ಅಲ್ಯೂಮಿನಾದಲ್ಲಿ ವಿದ್ಯುತ್ ಹರಿಸಿ ಲೋಹ ಬೇರ್ಪಡಿಸುವ ವಿಧಾನವನ್ನು 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಇವತ್ತಿಗೂ ಒಂದು ಕಿಲೋ ಅಲ್ಯೂಮಿನಿಯಂಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ನೂರು ಕಿಲೋ ತೂಗುವ ದೋಣಿಯಲ್ಲಿ, ತಿಂಗಳಿಗೆ 100 ಯೂನಿಟ್ ಬಳಸುವ ಮನೆಯೊಂದಕ್ಕೆ ವರ್ಷ ದಾಟಿ ಸಾಲುವಷ್ಟು ವಿದ್ಯುತ್ ಅಡಗಿದೆ. ರಿವೆಟ್ ಬಿಗಿ ಮಾಡಲು ಬೇಕಾದದ್ದು ಸುತ್ತಿಗೆ ಮತ್ತು ಎರಡು ಜೊತೆ ಕೈ. ಕರಗಿಸುವುದು ಒಳ್ಳೆಯ ದಾರಿಯೇ, ಆದರೆ ಅದು ದುರಸ್ತಿಯ ದಾರಿ ಮುಗಿದ ಮೇಲಿನದು.

ಕೇಳುಗರೇ, ಈ ಕೆಲಸದಿಂದ ನನ್ನ ಮನಸ್ಸಿನಲ್ಲಿ ನಿಂತ ಮಾತು ಇಷ್ಟೇ. ದೋಣಿಯನ್ನು ಕೆಡಿಸಿದ್ದು ವಯಸ್ಸಲ್ಲ. ಅದಕ್ಕೆ ಅಂಟಿಕೊಂಡಿದ್ದ ತೇವ, ಒಗ್ಗದ ಸಹವಾಸ, ಯಾರೂ ತೆರೆದು ನೋಡದ ಮೂಲೆ. ಇವುಗಳಿಗೆಲ್ಲ ಪರಿಹಾರವಿತ್ತು. ನಮ್ಮ ಊರಿನ ಹಳೆಯ ಶಾಲೆಯ ಕಟ್ಟಡವನ್ನೇ ನೋಡಿ. ಹೆಂಚು ಸರಿದು ನೀರಿಳಿದು ಪಕಾಸಿ ಕೊಳೆತಿರುತ್ತದೆ, ಗೋಡೆಗಳು ಮಾತ್ರ ಬಂಡೆಯಂತಿರುತ್ತವೆ. ಆದರೂ ಶಿಥಿಲ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕೆಡವಿಬಿಡುತ್ತೇವೆ.

ಇನ್ನು ಮುಂದೆ ಏನನ್ನಾದರೂ ಕೆಟ್ಟುಹೋಯಿತು ಎಂದು ಬದಿಗಿಡುವ ಮುನ್ನ ಮೂರು ಪ್ರಶ್ನೆ ಕೇಳೋಣ: ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ, ಕೆಡದೆ ಉಳಿದಿರುವುದೇನು. ಉತ್ತರ ಹುಡುಕುವಾಗ ಮನೆಯ ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳೋಣ. ಒಳ್ಳೆಯದನ್ನು ಗುರುತಿಸಿ ಉಳಿಸಿಕೊಳ್ಳುವ ಕಣ್ಣು, ಜೊತೆಗೆ ಕೂತು ಕೆಲಸ ಮಾಡಿದಾಗಲೇ ಅವರಿಗೆ ಬರುತ್ತದೆ.