ಜಗಲಿಯಿಲ್ಲದ ಮನೆ

ಕನ್ನಡದಲ್ಲಿ ‘ಮನೆ’ ಎಂಬ ಮಾತು ಬಹು ಉದಾರವಾದದ್ದು. ಅಡಿಗೆಮನೆ, ಬಚ್ಚಲುಮನೆ, ನಡುಮನೆ ಎನ್ನುವಾಗ ಒಂದು ಕೋಣೆಯೇ ಮನೆ; ಮದುವೆಯ ಮನೆ, ಸಾವಿನ ಮನೆ ಎನ್ನುವಾಗ ಒಂದು ಸಂದರ್ಭವೇ ಮನೆ. ಚದುರಂಗದ ಚೌಕವೂ ಮನೆ, ಸೆರೆಯೂ ಒಂದು ಮನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಬಂದು ಸೇರುತ್ತಿದ್ದ ಬಸವಣ್ಣನವರ ಬೀಡಿಗೆ ‘ಮಹಾಮನೆ’ ಎಂದೇ ಹೆಸರಾಯಿತು. ಒಂದು ಮಾತಿಗೆ ಇಷ್ಟು ವ್ಯಾಪ್ತಿ ಬಂದುದಕ್ಕೆ ಕಾರಣ ಸರಳವಾಗಿದೆ: ಅದು ಹೆಸರಿಸುತ್ತಿದ್ದ ವಸ್ತು ಅಷ್ಟೊಂದು ಕೆಲಸ ಮಾಡುತ್ತಿತ್ತು.

ಬಯಲುಸೀಮೆಯ ಮನೆ ಕಣಜವಾಗಿತ್ತು. ಹಗೇವಿನಲ್ಲಿ ವರ್ಷದ ಜೋಳ ನೆಲದಡಿಯಲ್ಲಿ ಕಾಪಾಡಲ್ಪಡುತ್ತಿತ್ತು. ಇಳಕಲ್ಲು, ಗುಳೇದಗುಡ್ಡಗಳ ನೇಕಾರನ ಮನೆ ಕಾರ್ಖಾನೆಯಾಗಿತ್ತು. ಕುಣಿಮಗ್ಗಕ್ಕೆ ಮೊದಲು ಜಾಗ ಮಾಡಿ, ಉಳಿದುದರಲ್ಲಿ ಸಂಸಾರ ಮಲಗಬೇಕು. ಊರೂರುಗಳಲ್ಲಿ ಮನೆಯೇ ವಿದ್ಯಾರ್ಥಿನಿಲಯವೂ ಆಗಿತ್ತು. ವಾರಾನ್ನವೆಂಬ ಏರ್ಪಾಡಿನಲ್ಲಿ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಮತ್ತೊಂದರಲ್ಲಿ ಉಂಡು ಓದು ಮುಗಿಸುತ್ತಿದ್ದ. ಅದರಲ್ಲಿ ಔದಾರ್ಯವೂ ಇತ್ತು, ಅವಮಾನವೂ ಇತ್ತು. ಜಾತಿಯ ಲೆಕ್ಕವಂತೂ ಇದ್ದೇ ಇತ್ತು. ಅಷ್ಟೇಕೆ, ಮೈಸೂರಿನಲ್ಲಿ ಆಕಾಶವಾಣಿ ಹುಟ್ಟಿದ್ದೂ ಮನೆಯಲ್ಲಿಯೇ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಪ್ರಸಾರ ಆರಂಭಿಸಿದ್ದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ.

ಈ ಕೆಲಸಗಳೆಲ್ಲ ಒಂದೊಂದಾಗಿ ಮನೆಯ ಹೊಸ್ತಿಲು ದಾಟಿ ಹೋದವು. ಬೀಸುವ ಕಲ್ಲು ಗಿರಣಿಗೆ ಸೋತಿತು. ಮದುವೆ ಕಲ್ಯಾಣಮಂಟಪಕ್ಕೆ ಹೋಯಿತು. ಇದನ್ನು ನೆನೆದು ನಿಟ್ಟುಸಿರಿಡುವ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹೆರಿಗೆಯ ವಿಷಯದಲ್ಲಿ ನಿಟ್ಟುಸಿರಿಡುವವರು ಒಂದು ಕ್ಷಣ ತಡೆಯಬೇಕು. ಗಾಳಿ ಬೆಳಕಿಲ್ಲದ ಬಾಣಂತಿಯ ಕೋಣೆಯಿಂದ ಎಷ್ಟು ಮಂದಿ ತಾಯಂದಿರು ಹೊರಕ್ಕೆ ಬರಲೇ ಇಲ್ಲ! 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97ರಷ್ಟು ಆಸ್ಪತ್ರೆ ಮುಂತಾದ ಆರೋಗ್ಯಸಂಸ್ಥೆಗಳಲ್ಲಿ ಆದವು ಎಂದಿದೆ. ಮನೆ ಈ ಒಂದು ಕೆಲಸವನ್ನು ಕಳೆದುಕೊಂಡುದು ಮನೆಯ ಪುಣ್ಯ.

ಮನೆ ಯಾರದೆಂಬ ಪ್ರಶ್ನೆಯಲ್ಲಿಯೂ ಕಾಲ ಒಳ್ಳೆಯದನ್ನೇ ಮಾಡಿದೆ. ನಮ್ಮ ಜನಪದ ಹೆಣ್ಣಿಗೆ ಎರಡು ಮನೆಗಳಿದ್ದವು, ತವರುಮನೆ ಮತ್ತು ಗಂಡನ ಮನೆ. ಎರಡರ ಹೆಸರಿನಲ್ಲಿಯೂ ‘ಮನೆ’ ಇದೆ, ಪತ್ರದಲ್ಲಿ ಮಾತ್ರ ಆಕೆಯ ಹೆಸರಿರಲಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು; ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2005ರಲ್ಲಿ. ತವರಿನ ಹಾಡುಗಳಲ್ಲಿ ಅರಿಸಿನ ಕುಂಕುಮ ಬೇಡಿದ ಮಗಳು ಈಗ ಕಾನೂನಿನಂತೆ ಪಾಲನ್ನೇ ಕೇಳಬಹುದು. ಕೇಳಿದವಳ ತವರು ಎಷ್ಟು ದಿನ ತವರಾಗಿ ಉಳಿಯುತ್ತದೆ ಎಂಬುದು ಬೇರೆಯೇ ಮಾತು.

ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲವೇ? ಉಂಟು. ಅದು ಜಗಲಿ.

ಜಗಲಿ ಮನೆಯೂ ಅಲ್ಲ, ಬೀದಿಯೂ ಅಲ್ಲ. ಮನೆಯೊಡೆಯನ ಸ್ವತ್ತಾದರೂ ದಾರಿಹೋಕನಿಗೆ ಅಲ್ಲಿ ಕೂರಲು ಅಪ್ಪಣೆ ಬೇಕಿರಲಿಲ್ಲ. ದೂರದೂರಿನವನು ಬುತ್ತಿ ಬಿಚ್ಚುತ್ತಿದ್ದುದು, ಬಳೆಗಾರ ಮಲಾರ ಇಳಿಸುತ್ತಿದ್ದುದು, ಮಕ್ಕಳು ಮಗ್ಗಿ ಹೇಳುತ್ತಿದ್ದುದು ಅಲ್ಲಿಯೇ. ಮುಖ್ಯವಾಗಿ, ದುಡಿಮೆ ಮುಗಿದ ಮುದುಕರಿಗೆ ಅದೊಂದು ಪದವಿಯಾಗಿತ್ತು. ಕಂಬಕ್ಕೊರಗಿ ಕುಳಿತವನು ಹಾದುಹೋಗುವವರ ಕುಶಲ ಕೇಳುವ ಅಧಿಕಾರಿ. ಒಳಗೆ ಅವನ ಮಾತು ನಡೆಯದೆ ಹೋದರೂ ಹೊರಗೆ ಅವನಿಗೊಂದು ಸ್ಥಾನವಿತ್ತು. ಆದರೆ ಆ ಜಗಲಿಯ ಕೆಳಗೆ, ಅಂಗಳದಲ್ಲಿ, ಬಿಸಿಲಲ್ಲಿಯೇ ನಿಲ್ಲಬೇಕಾದ ಮನುಷ್ಯನೂ ಇದ್ದ. ಅವನನ್ನು ಮರೆತು ಜಗಲಿಯನ್ನು ಹೊಗಳುವ ಮಾತು ನನಗೆ ಒಪ್ಪಿಗೆಯಾಗದು. ದುಃಖದ ಸಂಗತಿಯೆಂದರೆ, ಅವನನ್ನು ಮೇಲಕ್ಕೆ ಕರೆದು ಕೂರಿಸುವ ಮೊದಲೇ ನಾವು ಜಗಲಿಯನ್ನು ಕೆಡವಿ ಕಾಂಪೌಂಡು ಗೋಡೆ ಎಬ್ಬಿಸಿದೆವು. ಮೆಟ್ಟಿಲಿನ ತಾರತಮ್ಯ ಹೋಯಿತು, ಗೋಡೆಯ ತಾರತಮ್ಯ ಬಂತು. ನಿವೇಶನದ ಅಳತೆ ಕಿರಿದಾದದ್ದು, ಬೀದಿಗೆ ಮೋಟಾರು ಬಂದದ್ದು, ಕಳ್ಳರ ಭಯ, ಎಲ್ಲವೂ ಕಾರಣಗಳೇ. ಹೆರಿಗೆಯನ್ನು ಆಸ್ಪತ್ರೆಗೆ ಕಳಿಸಿದ್ದು ಯೋಚಿಸಿ ಮಾಡಿದ ಕೆಲಸ. ಜಗಲಿಯ ಬಗ್ಗೆ ಮಾತ್ರ ಯಾರೂ ಕುಳಿತು ಯೋಚಿಸಲಿಲ್ಲ.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಹೊರಗೆ ಹೋಗಿದ್ದ ಕೆಲಸಗಳು ದಿಢೀರನೆ ಮನೆಗೆ ಹಿಂತಿರುಗಿದವು. ಊಟದ ಮೇಜೇ ಕಚೇರಿ, ಮಂಚವೇ ಶಾಲೆ. ಎರಡು ಕೋಣೆಗಳ ಮನೆಯಲ್ಲಿ ಒಬ್ಬರ ಮಾತು ಮತ್ತೊಬ್ಬರಿಗೆ ಅಡ್ಡಿ. ನೇಕಾರನ ಮನೆ ಮಗ್ಗವನ್ನು ನೆನೆದೇ ಕಟ್ಟಿದ ಮನೆ. ನಮ್ಮ ಈಗಿನ ಮನೆಗಳು ಎಲ್ಲರೂ ಬೆಳಿಗ್ಗೆ ಹೊರಟುಹೋಗುತ್ತಾರೆಂಬ ನಂಬಿಕೆಯಿಂದ ಕಟ್ಟಿದವು. ಹೊರಡಲಾಗದ ಮುದುಕರು ಆ ನಕ್ಷೆಯಲ್ಲಿಲ್ಲ.

ನಗರದ ಬಹುಮಹಡಿ ವಸತಿಯೊಂದರ ಬಾಗಿಲಲ್ಲಿ, ಸಂಜೆ ಐದರ ಹೊತ್ತಿಗೆ, ಇಬ್ಬರು ಮೂವರು ವೃದ್ಧರು ಕಾವಲುಗಾರನ ಪಕ್ಕದಲ್ಲಿ ಕುಳಿತಿರುವುದನ್ನು ಕಂಡಿದ್ದೇನೆ. ಕುರ್ಚಿಗಳನ್ನು ಲಿಫ್ಟಿನಲ್ಲಿ ತಾವೇ ಇಳಿಸಿಕೊಂಡು ತರುತ್ತಾರೆ. ಸಾಮಾನು ತಲುಪಿಸಲು ಬರುವ ಹುಡುಗರ ಊರು ಯಾವುದೆಂದು ವಿಚಾರಿಸುತ್ತಾರೆ. ಕೇಳಿದರೆ ನೀರು ಕೊಡುತ್ತಾರೆ. ಅದು ವಾಹನ ನಿಲ್ಲಿಸುವ ಜಾಗವೆಂದು ಯಾರೋ ಆಕ್ಷೇಪಿಸಿದರಂತೆ. ಮುಂದಿನ ವಾರ ನೋಡಿದಾಗ ಅವೇ ಕುರ್ಚಿಗಳು ಗೇಟಿನ ಹೊರಗೆ, ಹೊಂಗೆಯ ಮರದಡಿಯಲ್ಲಿದ್ದವು.