ಉಗುರು, ಮೊಳೆ ಮತ್ತು ಸುಣ್ಣ

ಬೆರಳ ತುದಿಯಲ್ಲಿರುವುದು ಉಗುರು, ಗೋಡೆಗೆ ಹೊಡೆಯುವುದು ಮೊಳೆ. ಇಂಗ್ಲಿಷಿನವರು ಎರಡಕ್ಕೂ ‘ನೇಲ್’ ಎಂಬ ಒಂದೇ ಶಬ್ದದಲ್ಲಿ ಕೆಲಸ ಮುಗಿಸುತ್ತಾರೆ. ನಮ್ಮ ನುಡಿ ಬೇರೆಯಾಗಿ ಇರಿಸಿದ ಇವೆರಡನ್ನು ಇಂದು ಒಂದೆಡೆ ತರುತ್ತಿರುವುದು ಶಬ್ದವಿನೋದಕ್ಕಾಗಿ ಅಲ್ಲ. ಎರಡರ ಕಥೆಯಲ್ಲಿಯೂ ಸುಣ್ಣ, ಎಂದರೆ ಅದರ ಮೂಲಧಾತುವಾದ ಕ್ಯಾಲ್ಸಿಯಂ, ಬರುತ್ತದೆ.

ಮೊದಲು ಮೊಳೆಯ ವಿಚಾರ. ಬಾವಿಯ ನೀರಿನಲ್ಲಿ ಬಿದ್ದ ಮೊಳೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಸೀಸೆಯ ತುಂಬ ಸುಣ್ಣದ ತಿಳಿನೀರು ಹಾಕಿ, ಮೊಳೆಯನ್ನು ಅದರಲ್ಲಿ ಮುಳುಗಿಸಿ ಬಿರಡೆ ಬಿಗಿದರೆ ಅದು ಬಹುಕಾಲ ಹಾಗೆಯೇ ಇರುತ್ತದೆ. ತೀಕ್ಷ್ಣವಾದ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಕಟ್ಟುವುದೇ ಇದಕ್ಕೆ ಕಾರಣ. ನಮ್ಮ ತಾರಸಿಗಳ ಒಳಗಿನ ಕಂಬಿಗಳನ್ನು ಕಾಯುತ್ತಿರುವುದೂ ಸಿಮೆಂಟಿನಲ್ಲಿ ಹುಟ್ಟುವ ಈ ಸುಣ್ಣವೇ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳಸೇರಿ ಕ್ಷಾರವನ್ನು ತಗ್ಗಿಸಿದಾಗ ಪೊರೆ ಹರಿಯುತ್ತದೆ, ತುಕ್ಕು ಉಬ್ಬುತ್ತದೆ, ಗಾರೆ ಹೆಕ್ಕಳಿಕೆಯಾಗಿ ಉದುರುತ್ತದೆ. ಆದರೆ ಇದು ಕ್ಯಾಲ್ಸಿಯಂನ ಮಹಿಮೆಯೆಂದು ಕೊಂಡಾಡುವಂತಿಲ್ಲ. ಅದೇ ಧಾತು ಕ್ಲೋರೈಡಿನ ರೂಪದಲ್ಲಿ ಬಂದರೆ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ಬೇಗನೆ ತಿನ್ನಿಸುತ್ತದೆ. ಕಾಯುವುದು ಧಾತುವಲ್ಲ, ಕ್ಷಾರ.

ಇನ್ನು ಉಗುರು. ಹಾರುವ ಬೆಳ್ಳಕ್ಕಿಗೆ ಉಗುರು ತೋರಿಸಿ ಬಿಳಿಯ ಚುಕ್ಕೆ ಬೇಡುವುದು ಮಕ್ಕಳ ಆಟ. ದೊಡ್ಡವರು ಅದೇ ಚುಕ್ಕೆಯನ್ನು ಕಂಡು ‘ಕ್ಯಾಲ್ಸಿಯಂ ಸಾಲದು’ ಎಂದು ಗುಳಿಗೆ ಕೊಳ್ಳುತ್ತಾರೆ. ನನಗೆ ಮಕ್ಕಳ ನಂಬಿಕೆಯೇ ಹೆಚ್ಚು ನಿರಪಾಯಕಾರಿಯಾಗಿ ತೋರುತ್ತದೆ. ಉಗುರು ಮೂಳೆಯ ಜಾತಿಯದಲ್ಲ, ಕೂದಲಿನ ಜಾತಿಯದು. ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದಿರುವುದರಿಂದ ಅದಕ್ಕೆ ಗಡಸುತನ ಬಂದಿದೆ. ಅದರಲ್ಲಿ ಕ್ಯಾಲ್ಸಿಯಂ ಇರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಬಹಳ ಕಡಿಮೆ. ಬಿಳಿ ಚುಕ್ಕೆ ಸಾಮಾನ್ಯವಾಗಿ ಉಗುರಿನ ಬುಡಕ್ಕೆ ತಗುಲಿದ ಸಣ್ಣ ಪೆಟ್ಟಿನ ಗುರುತು. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಮಾತ್ರ ಬೆಳೆಯುವುದರಿಂದ, ಗುರುತು ಕಣ್ಣಿಗೆ ಬೀಳುವ ವೇಳೆಗೆ ಪೆಟ್ಟು ಮರೆತುಹೋಗಿರುತ್ತದೆ. ಪಾತ್ರೆ ತೊಳೆಯುವ ಕೈಗಳ ಉಗುರು ಸೀಳುವುದಕ್ಕೆ ಪದೇ ಪದೇ ನೆನೆದು ಒಣಗುವುದೇ ಬಹುಮಟ್ಟಿಗೆ ಕಾರಣ.

ಉಗುರು ನಿಜವಾಗಿಯೂ ಹೇಳಬಲ್ಲ ಕೊರತೆಯೊಂದಿದೆ, ಅದು ಕಬ್ಬಿಣದ್ದು. ಉಗುರು ತೆಳುವಾಗಿ, ನಡುವೆ ತಗ್ಗಿ, ಚಮಚದಂತೆ ಅಂಚು ಮೇಲೆದ್ದರೆ ರಕ್ತದಲ್ಲಿ ಕಬ್ಬಿಣ ಕುಂದಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯವರು. ಅಂಥವರ ಉಗುರಿಗೆಂದು ನಾವಾಗಿಯೇ ಕ್ಯಾಲ್ಸಿಯಂ ಕೊಟ್ಟು ಸುಮ್ಮನಾದರೆ ಮೂಲವ್ಯಾಧಿ ಒಳಗೇ ಉಳಿಯುತ್ತದೆಂದು ಹೇಳಬೇಕೆ? ಅಷ್ಟೇ ಅಲ್ಲ, ಕಬ್ಬಿಣದ ಗುಳಿಗೆಯೊಡನೆ ಅದನ್ನು ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಕ್ಕೂ ಅಡ್ಡಿಯಾಗುತ್ತದೆ. ಗರ್ಭಿಣಿಯರಿಗೆ ಎರಡೂ ಬೇಕು. ಆದ್ದರಿಂದಲೇ ಅವುಗಳ ನಡುವೆ ಎರಡು ಗಂಟೆಯಾದರೂ ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ಕೊಟ್ಟರೆ ಸಾಕು.